ಮೊದಲು ಗಾಡಿಯ ಕೆಳಗೆ ಮಲಗಿ, ಮೀಟರು ಆಮೇಲೆ ನೋಡಿ: ಬಹಳ ಓಡಿದ ಫೋರ್ ವೀಲ್ ಡ್ರೈವ್ ಕೊಳ್ಳುವ ಕ್ರಮ

ಒಂದು ಗಾಡಿಯ ಮೀಟರು 3 ಲಕ್ಷ ಕಿಲೋಮೀಟರ್ ತೋರಿಸುತ್ತಿದೆ. ಬಹುಪಾಲು ಹೆದ್ದಾರಿಯ ಓಟ, ಆಯಿಲ್ ಬದಲಿಸಿದ ಬಿಲ್ಲುಗಳು ತಾರೀಕಿನ ಸಮೇತ ಇವೆ. ಇನ್ನೊಂದರಲ್ಲಿ 1.2 ಲಕ್ಷ ಮಾತ್ರ, ಆದರೆ ಅದು ಹೊಳೆಗೆ ಇಳಿದಿದೆ, ಕೆಸರಲ್ಲಿ ಹೂತಿದೆ, ಭಾರದ ಟ್ರೇಲರ್ ಎಳೆದಿದೆ. ಇವೆರಡರಲ್ಲಿ ಮೊದಲನೆಯದನ್ನೇ ನೋಡಲು ಹೋಗಿ. ಹದವಾಗಿ ಬಿಸಿಯಾಗಿ ಒಂದೇ ವೇಗದಲ್ಲಿ ಓಡುವ ಎಂಜಿನ್ ಸವೆಯುವುದು ಕಡಿಮೆ. ನೀರು ಹೊಕ್ಕ ಡಿಫರೆನ್ಷಿಯಲ್ಲು (ತಿರುವಿನಲ್ಲಿ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರ್ ಜೋಡಣೆ), ಮಣ್ಣು ತುಂಬಿದ ಚಾಸಿ (ಗಾಡಿಯ ಅಡಿಯ ಕಬ್ಬಿಣದ ಚೌಕಟ್ಟು) ಮಾತ್ರ ಗಾಡಿ ನಿಂತಲ್ಲೇ ಹಾಳಾಗುತ್ತಿರುತ್ತವೆ.

ಕೆಟ್ಟ ಎಂಜಿನ್ನನ್ನು ಬಿಚ್ಚಿ ಕಟ್ಟಬಹುದು, ಗೇರ್‌ಬಾಕ್ಸ್ ಬದಲಿಸಬಹುದು. ಕೊಳೆತ ಚಾಸಿಗೆ ಮಾಡಿದ ಖರ್ಚು ವಾಪಸ್ ಬರುವುದೇ ಇಲ್ಲ. ಆದ್ದರಿಂದ ಪರೀಕ್ಷೆ ಕೆಳಗಿನಿಂದ ಮೇಲಕ್ಕೆ ನಡೆಯಬೇಕು. ತಣ್ಣಗಿರುವಾಗ ಸ್ಟಾರ್ಟ್ ಮಾಡಿ ನೋಡುವುದೊಂದನ್ನು ಮಾತ್ರ ಎಲ್ಲಕ್ಕಿಂತ ಮೊದಲು ಮುಗಿಸಿಕೊಳ್ಳಿ.

ಹೊರಡುವ ಮುನ್ನ

ಫೋನಿನಲ್ಲೇ ಹೇಳಿಬಿಡಿ: "ನಾನು ಬರುವವರೆಗೆ ಸ್ಟಾರ್ಟ್ ಮಾಡಬೇಡಿ." ಹೋದಾಗ ಬಾನೆಟ್ ಮೇಲೆ ಕೈಯಿಡಿ. ಬಿಸಿಯಿದ್ದರೆ ಮಾರುವವರು ಏನನ್ನೋ ಮರೆಸಲು ಮೊದಲೇ ಓಡಿಸಿದ್ದಾರೆ ಎಂದು ಅನುಮಾನಿಸಲು ಅಡ್ಡಿಯಿಲ್ಲ. ಇನ್ನೊಂದು ದಿನ ಬೆಳಗ್ಗೆ ಬರುತ್ತೇನೆ ಎಂದು ಹೇಳಿ ಹೊರಡಿ.

ಜೊತೆಗೆ ಬೇಕಾದದ್ದು ಹೆಚ್ಚೇನಿಲ್ಲ. ಒಳ್ಳೆಯ ಟಾರ್ಚು, ಚಿಕ್ಕ ಸುತ್ತಿಗೆ, ಉದ್ದನೆಯ ಸ್ಕ್ರೂಡ್ರೈವರ್, ಬಿಳಿ ಬಟ್ಟೆ ತುಂಡು, ಮಲಗಲು ಚಾಪೆ, ಚಕ್ರಕ್ಕೆ ಕೊಡಲು ಮರದ ಅಡೆಗಳು, ಗಾಡಿಯ ತೂಕ ತಡೆಯುವ ಜಾಕ್, ಸ್ಟ್ಯಾಂಡ್. ಈಚಿನ ಗಾಡಿಯಾದರೆ ಒಬಿಡಿ ಸ್ಕ್ಯಾನರ್ (ಗಾಡಿಯ ಕಂಪ್ಯೂಟರಿನಲ್ಲಿ ದಾಖಲಾದ ದೋಷದ ಕೋಡುಗಳನ್ನು ಓದುವ ಸಾಧನ) ಕೂಡ. ಬರೀ ಜಾಕ್ ನಂಬಿ ಗಾಡಿಯ ಕೆಳಗೆ ತಲೆಯಿಡಬೇಡಿ.

ನೋಡಲಿರುವ ಗಾಡಿಯ ಫೋರ್ ವೀಲ್ ವ್ಯವಸ್ಥೆ ಯಾವ ಜಾತಿಯದು ಎಂದು ಮನೆಯಲ್ಲೇ ತಿಳಿದುಕೊಳ್ಳಿ. ಸುಜುಕಿ ಜಿಮ್ನಿ, ಮಹೀಂದ್ರ ಥಾರ್, ಟೊಯೋಟ ಲ್ಯಾಂಡ್ ಕ್ರೂಸರ್ 70 ಸರಣಿಯಂಥವು ಪಾರ್ಟ್ ಟೈಮ್. ಸಾಮಾನ್ಯ ಓಟದಲ್ಲಿ ಹಿಂದಿನ ಚಕ್ರಕ್ಕೆ ಮಾತ್ರ ಬಲ, ಬೇಕೆಂದಾಗ ಮುಂದಿನದನ್ನೂ ಸೇರಿಸಬೇಕು, ನಡುವೆ ಡಿಫರೆನ್ಷಿಯಲ್ ಇರುವುದಿಲ್ಲ. ಹಳೆಯ ಲ್ಯಾಂಡ್ ರೋವರ್ ಡಿಫೆಂಡರ್, ಲಾಡಾ ನಿವಾದಂಥವು ಫುಲ್ ಟೈಮ್. ನಾಲ್ಕೂ ಚಕ್ರಕ್ಕೆ ಸದಾ ಬಲ, ನಡುವೆ ಡಿಫರೆನ್ಷಿಯಲ್, ಅದಕ್ಕೊಂದು ಲಾಕು. ಈ ಎರಡಕ್ಕೂ ಪರೀಕ್ಷೆ ಬೇರೆ ಬೇರೆ.

ತಣ್ಣನೆಯ ಸ್ಟಾರ್ಟ್

ಸ್ಟಾರ್ಟ್ ಮಾಡುವ ಮೊದಲು ರೇಡಿಯೇಟರ್ ಮುಚ್ಚಳ ತೆಗೆದು ನೋಡಿ. ಎಂಜಿನ್ ತಣ್ಣಗಿದ್ದಾಗ ಮಾತ್ರ ಇದನ್ನು ತೆಗೆಯಬೇಕು. ಕೂಲಂಟ್ ತಿಳಿಯಾಗಿ ಬಣ್ಣದಲ್ಲಿರಬೇಕು. ತುಕ್ಕಿನ ಕಂದು ನೀರಿದ್ದರೆ ವರ್ಷಗಟ್ಟಲೆ ಬರೀ ನೀರು ಸುರಿದಿದ್ದಾರೆ, ಒಳಗಿನ ದಾರಿಗಳೆಲ್ಲ ಕಟ್ಟಿರುತ್ತವೆ. ಮೇಲೆ ಎಣ್ಣೆಯ ಪೊರೆ ತೇಲುತ್ತಿದ್ದರೆ ಹೆಡ್ ಗ್ಯಾಸ್ಕೆಟ್ಟೋ (ಎಂಜಿನ್ನಿನ ಬ್ಲಾಕಿಗೂ ಮೇಲಿನ ಹೆಡ್ಡಿಗೂ ನಡುವಿನ ಸೀಲು) ಆಯಿಲ್ ಕೂಲರ್ರೋ ಹೋಗಿದೆ. ಆಟೋಮ್ಯಾಟಿಕ್ ಗಾಡಿಯಲ್ಲಿ ಕೂಲಂಟ್ ನಸುಗೆಂಪು ಹಾಲಿನಂತಾಗಿದ್ದರೆ ರೇಡಿಯೇಟರಿನೊಳಗಿನ ಗೇರ್ ಆಯಿಲ್ ಕೂಲರ್ ಒಡೆದು ಎರಡೂ ಬೆರೆತಿವೆ. ಅಂಥ ಗಾಡಿಯಲ್ಲಿ ಗೇರ್‌ಬಾಕ್ಸನ್ನೂ ಲೆಕ್ಕದಿಂದ ಬಿಟ್ಟುಬಿಡಿ.

ಡಿಪ್‌ಸ್ಟಿಕ್ ಎಳೆದಾಗ ಡೀಸೆಲ್ ಎಂಜಿನ್ನಿನ ಆಯಿಲ್ ಕಪ್ಪಗಿದೆ ಎಂದು ಮುಖ ಗಂಟಿಕ್ಕಬೇಡಿ. ಬದಲಿಸಿದ ಕೆಲವೇ ದಿನಕ್ಕೆ ಅದು ಕಪ್ಪಾಗುತ್ತದೆ. ನೋಡಬೇಕಾದದ್ದು ಮಟ್ಟ ಮತ್ತು ವಾಸನೆ. ಮೇಲಿನ ಗೆರೆಗಿಂತ ಎತ್ತರವಿದ್ದು ಡೀಸೆಲ್ ವಾಸನೆ ಹೊಡೆದರೆ ಇಂಧನ ಆಯಿಲ್ಲಿಗೆ ಇಳಿಯುತ್ತಿದೆ. ಕಾಫಿಗೆ ಹಾಲು ಬೆರೆಸಿದ ಬಣ್ಣವಿದ್ದರೆ ನೀರು ಸೇರಿದೆ.

ಈಗ ಮಾರುವವರಿಗೆ ಸ್ಟಾರ್ಟ್ ಮಾಡಲು ಹೇಳಿ, ನೀವು ಸೈಲೆನ್ಸರ್ ಹತ್ತಿರ ನಿಲ್ಲಿ. ಡೀಸೆಲ್ಲಿನಲ್ಲಿ ಕ್ಷಣಕಾಲ ಕಾಣುವ ತೆಳು ಹೊಗೆ ಸಹಜ. ಕಣ್ಣು ಉರಿಸುವ ಬಿಳಿ ಹೊಗೆ ನಿಲ್ಲದೆ ಬಂದರೆ ಸುಡದ ಡೀಸೆಲ್, ಅಂದರೆ ಗ್ಲೋ ಪ್ಲಗ್, ಇಂಜೆಕ್ಟರ್ ಅಥವಾ ಕಂಪ್ರೆಷನ್ ದೋಷ. ಸಿಹಿ ವಾಸನೆಯ ಬಿಳಿ ಹೊಗೆಯಾದರೆ ಕೂಲಂಟ್ ಸುಡುತ್ತಿದೆ. ನೀಲಿ ಹೊಗೆ ಆಯಿಲ್ಲಿನದು. ಆಕ್ಸಿಲರೇಟರ್ ತುಳಿದಾಗ ಬರುವ ದಟ್ಟ ಕಪ್ಪು ಹೊಗೆಗೆ ಗಾಳಿ ಸಾಲದಿರುವುದೋ ಇಂಧನ ಹೆಚ್ಚಾಗಿರುವುದೋ ಕಾರಣ. ಏರ್ ಫಿಲ್ಟರ್, ಟರ್ಬೊ ಪೈಪಿನ ಸೀಳು, ಇಂಜೆಕ್ಟರ್, ಈ ಕ್ರಮದಲ್ಲಿ ಹುಡುಕಿದರೆ ಅಗ್ಗದ ಕಾರಣ ಮೊದಲು ಸಿಗುತ್ತದೆ.

ಸ್ಟಾರ್ಟ್ ಆಗಿ ಒಂದೆರಡು ನಿಮಿಷಕ್ಕೆ ರೇಡಿಯೇಟರಿನ ಮೇಲಿನ ಹೋಸನ್ನು ಹಿಂಡಿ ನೋಡಿ. ಎಂಜಿನ್ ಇನ್ನೂ ಬಿಸಿಯಾಗಿಲ್ಲ, ಆದರೂ ಹೋಸು ಕಲ್ಲಿನಂತೆ ಗಟ್ಟಿಯಾಗಿದ್ದರೆ ಸಿಲಿಂಡರಿನ ಗ್ಯಾಸ್ ಕೂಲಂಟಿಗೆ ನುಗ್ಗುತ್ತಿದೆ. ಅನುಮಾನವಿದ್ದರೆ ನೀಲಿ ದ್ರವದ ಪರೀಕ್ಷೆ ಮಾಡಿಸಿ. ರೇಡಿಯೇಟರ್ ಬಾಯಿಗೆ ಹಿಡಿದಾಗ ದ್ರವ ಹಳದಿಗೆ ತಿರುಗಿದರೆ ಗ್ಯಾಸ್ಕೆಟ್ ಸೋರಿಕೆ ಖಚಿತ.

ಎಂಜಿನ್ ಬಿಸಿಯಾದ ಮೇಲೆ ಐಡಲ್‌ನಲ್ಲಿ, ಅಂದರೆ ಆಕ್ಸಿಲರೇಟರ್ ತುಳಿಯದೆ ಓಡುತ್ತಿರುವಾಗ, ಆಯಿಲ್ ಹಾಕುವ ಮುಚ್ಚಳವನ್ನು ಬಿಚ್ಚಿ ಬಾಯಿಯ ಮೇಲೆ ಬೋರಲು ಇಡಿ. ಸುಮ್ಮನೆ ಅಲುಗಿದರೆ ಪರವಾಗಿಲ್ಲ. ಕುಣಿದು ಕೆಳಗೆ ಬಿದ್ದರೆ, ಬಾಯಿಂದ ಬುಸುಬುಸು ಹೊಗೆ ಬಂದರೆ ಪಿಸ್ಟನ್ ರಿಂಗ್ ಸವೆದು ಸಿಲಿಂಡರಿನ ಒತ್ತಡ ಕೆಳಕ್ಕೆ ಇಳಿಯುತ್ತಿದೆ. ಮುಂದೆ ಕಂಪ್ರೆಷನ್ ಅಳೆಸಿ. ಸಿಲಿಂಡರುಗಳ ನಡುವೆ ಶೇ. 10ರಿಂದ 15ಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ಎಂಜಿನ್ ಕೆಲಸ ದೂರವಿಲ್ಲ.

ಕಾಮನ್ ರೈಲ್ ಡೀಸೆಲ್ಲಿನಲ್ಲಿ (ಎಲ್ಲ ಇಂಜೆಕ್ಟರುಗಳಿಗೂ ಒಂದೇ ಪೈಪಿನಿಂದ ಹೆಚ್ಚಿನ ಒತ್ತಡದ ಇಂಧನ ಹೋಗುವ ಎಂಜಿನ್) ಇಂಜೆಕ್ಟರುಗಳ ಬುಡ ನೋಡಿ. ಡಾಂಬರಿನಂಥ ಕಪ್ಪು ಅಂಟು ಇದ್ದು, ಚುಫ್ ಚುಫ್ ಎಂಬ ಸದ್ದು ಕೇಳಿದರೆ ಕೆಳಗಿನ ತಾಮ್ರದ ವಾಷರ್ ಸೋರುತ್ತಿದೆ. ವಾಷರ್ ಅಗ್ಗ, ಆದರೆ ಅಸಡ್ಡೆ ದುಬಾರಿ. ಕೆಲವು ಎಂಜಿನ್ನುಗಳಲ್ಲಿ ಆ ಮಸಿ ಒಳಗಿಳಿದು ಎಂಜಿನ್ನಿನ ಅಡಿಯ ಆಯಿಲ್ ತೊಟ್ಟಿಯಾದ ಸಂಪಿನ ಜಾಲರಿಗೆ ಕಟ್ಟಿ, ಆಯಿಲ್ ಪಂಪಿಗೆ ಆಯಿಲ್ ಸಿಗದೆ ಬೇರಿಂಗುಗಳೇ ಸುಡುತ್ತವೆ. ಟರ್ಬೊದ ಗಾಳಿ ಪೈಪ್ ಬಿಚ್ಚಲು ಒಪ್ಪಿದರೆ, ಎಂಜಿನ್ ನಿಲ್ಲಿಸಿ ಶಾಫ್ಟಿನ ತುದಿ ಹಿಡಿದು ಅಲ್ಲಾಡಿಸಿ. ಪಕ್ಕಕ್ಕೆ ಕೂದಲೆಳೆಯಷ್ಟು ಪ್ಲೇ (ಸಡಿಲು) ಇರಬಹುದು, ಹಿಂದೆ ಮುಂದೆ ಕೈಗೆ ತಿಳಿಯುವಷ್ಟು ಇರಬಾರದು.

ಟೈಮಿಂಗ್ ಬೆಲ್ಟ್ ಇರುವ ಎಂಜಿನ್ನಾದರೆ ಒಂದೇ ನಿಯಮ. ಬಿಲ್ ಇಲ್ಲದಿದ್ದರೆ ಬದಲಿಸಿಲ್ಲ ಎಂದೇ ಲೆಕ್ಕ. ಬೆಲ್ಟ್ ತುಂಡಾದರೆ ಬಹುತೇಕ ಎಂಜಿನ್ನುಗಳಲ್ಲಿ ವಾಲ್ವ್ ಪಿಸ್ಟನ್ನಿಗೆ ಬಡಿದು ಹೆಡ್ಡೇ ಹಾಳು. ಚೈನ್ ಇರುವಲ್ಲಿ ಬೆಳಗಿನ ಸ್ಟಾರ್ಟಿನಲ್ಲಿ ಒಂದೆರಡು ಸೆಕೆಂಡು ಕಿರಿಕಿರಿ ಕೇಳಿ ನಿಲ್ಲಬಹುದು. ನಿಲ್ಲದಿದ್ದರೆ ಟೆನ್ಷನರ್ ಅಥವಾ ಚೈನ್ ಸವೆದಿದೆ.

ಈಗ ಕೆಳಗೆ ಮಲಗಿ

ಮೇಲೆ ತಳುಕು ಒಳಗೆ ಹುಳುಕು ಎಂಬ ಮಾತು ಹಳೆಯ ಜೀಪುಗಳಿಗೆಂದೇ ಹುಟ್ಟಿದಂತಿದೆ. ಚಾಸಿಗೆ ನಿನ್ನೆ ಮೊನ್ನೆ ಬಳಿದ ಕಪ್ಪು ಅಂಡರ್‌ಕೋಟ್ ಕಂಡರೆ ಸಂತೋಷಪಡಬೇಡಿ, ಅದರ ಅಡಿಯಲ್ಲಿ ಏನಿದೆ ಎಂದು ಕೇಳಿ. ತುಕ್ಕಿನ ಮೇಲೆ ಬಳಿದ ಕೋಟು ನೀರನ್ನು ಒಳಗೇ ಹಿಡಿದಿಟ್ಟು ಕೊಳೆಯುವುದನ್ನು ಇನ್ನೂ ಜೋರು ಮಾಡುತ್ತದೆ.

ಚಾಸಿಯ ಉದ್ದದ ಎರಡು ತೊಲೆಗಳು ಪೆಟ್ಟಿಗೆಯಂತೆ ಟೊಳ್ಳು. ಮಣ್ಣು, ನೀರು, ಉಪ್ಪು ಒಳಗೆ ಸೇರಿ ಒಳಗಿನಿಂದಲೇ ತಿನ್ನುತ್ತವೆ, ಹೊರಗೆ ಕಾಣುವಾಗ ಕಾಲ ಮೀರಿರುತ್ತದೆ. ಸುತ್ತಿಗೆಯಿಂದ ಅಡಿಗೊಂದರಂತೆ ತಟ್ಟುತ್ತಾ ಹೋಗಿ. ಗಟ್ಟಿ ಕಬ್ಬಿಣ ಠಣ್ ಎನ್ನುತ್ತದೆ, ಕೊಳೆತದ್ದು ಬೊದ್ದು ಸದ್ದು ಮಾಡುತ್ತದೆ. ಹಿಂದಿನ ಆಕ್ಸಲ್ ಮೇಲೆ ಚಾಸಿ ಬಾಗುವ ಜಾಗ, ಸ್ಪ್ರಿಂಗಿನ ಬ್ರಾಕೆಟ್ಟುಗಳು, ಶಾಕ್ ಅಬ್ಸಾರ್ಬರ್ ಕೂರುವ ಕಡೆ, ಇಂಧನ ಟ್ಯಾಂಕಿನ ಹಿಂಬದಿ, ಬಾಡಿಯನ್ನು ಚಾಸಿಗೆ ಕಟ್ಟುವ ಮೌಂಟುಗಳು: ಇಲ್ಲೆಲ್ಲ ನಿಧಾನಿಸಿ, ಸ್ಕ್ರೂಡ್ರೈವರ್ ಒತ್ತಿ. ಒಳಗೆ ಹೊಕ್ಕರೆ ಮಾತು ಅಲ್ಲಿಗೆ ಮುಗಿಯಿತು. ಪುಡಿ ತುಕ್ಕು ಉದುರಿ ಕೆಳಗೆ ಗಟ್ಟಿ ಸಿಕ್ಕರೆ ಮೇಲ್ಮೈಯದು, ಕೆರೆದು ಬಣ್ಣ ಹೊಡೆಯಬಹುದು.

ವೆಲ್ಡಿಂಗ್ ಗುರುತಿಗೆ ಎರಡು ಅರ್ಥ ಇರಬಹುದು. ಸ್ಟೀರಿಂಗ್ ಬಾಕ್ಸ್ ಕೂರುವಲ್ಲಿ ಬಿರುಕಿಗೆ ಹಾಕಿದ ಬಲವಾದ ಪ್ಲೇಟು ಜವಾಬ್ದಾರಿಯ ಕೆಲಸ. ಚಾಸಿ ನಂಬರಿನ ಅಕ್ಕಪಕ್ಕದ ವೆಲ್ಡಿಂಗ್ ಮಾತ್ರ ಅಪಾಯದ ಗುರುತು. ಕತ್ತರಿಸಿ ಜೋಡಿಸಿದ ಗಾಡಿಯೋ ಕದ್ದ ಗಾಡಿಯೋ ಇರಬಹುದು, ಅದರ ಹತ್ತಿರ ಹೋಗಬೇಡಿ.

ಲೀಫ್ ಸ್ಪ್ರಿಂಗಿನ ಪ್ರತಿ ಪಟ್ಟಿಯನ್ನೂ ಬೆರಳಲ್ಲಿ ಸವರಿ ಬಿರುಕು ಹುಡುಕಿ. ಗಾಡಿ ಒಂದು ಪಕ್ಕಕ್ಕೆ ವಾಲಿದೆಯೇ ಎಂದು ಹಿಂದಿನಿಂದ, ಸಮತಟ್ಟು ನೆಲದ ಮೇಲೆ ನಿಲ್ಲಿಸಿ ನೋಡಿ.

ಆಕ್ಸಲ್, ನಕಲ್, ಶಾಫ್ಟು

ಸೋರಿಕೆ ನೋಡುವಾಗ ಒದ್ದೆಗೂ ಹನಿಗೂ ಇರುವ ವ್ಯತ್ಯಾಸ ಗೊತ್ತಿರಲಿ. ಧೂಳು ಅಂಟಿದ ತೆಳು ಒದ್ದೆ ಹಳೆಯ ಸೀಲಿನ ಸ್ವಭಾವ. ತೊಟ್ಟಿಕ್ಕುವ ಹನಿ ಬೇರೆ ವಿಷಯ, ಅಲ್ಲಿ ಡಿಫರೆನ್ಷಿಯಲ್ ಆಯಿಲ್ ಇಲ್ಲದೆ ಓಡಿರಬಹುದು. ಪ್ರೊಪೆಲ್ಲರ್ ಶಾಫ್ಟ್ (ಆಕ್ಸಲಿಗೆ ಬಲ ಒಯ್ಯುವ ಉದ್ದದ ಶಾಫ್ಟ್) ಡಿಫರೆನ್ಷಿಯಲ್ಲಿಗೆ ಸೇರುವ ಕಡೆಯ ಪಿನಿಯನ್ ಸೀಲ್, ಹಿಂದಿನ ಚಕ್ರಗಳ ಒಳಬದಿ, ಟ್ರಾನ್ಸ್‌ಫರ್ ಕೇಸಿನ (ಗೇರ್‌ಬಾಕ್ಸಿನಿಂದ ಬಂದ ಬಲವನ್ನು ಮುಂದಿನ, ಹಿಂದಿನ ಆಕ್ಸಲ್‌ಗಳಿಗೆ ಹಂಚುವ ಪೆಟ್ಟಿಗೆ) ಹಿಂಬದಿ ನೋಡಿ. ಹಿಂದಿನ ಚಕ್ರದ ಒಳಗೆ ಎಣ್ಣೆಯ ಗೆರೆಗಳು ಹೊರಮುಖವಾಗಿ ಹರಡಿದ್ದರೆ ಆಕ್ಸಲ್ ಸೀಲ್ ಹೋಗಿ ಗೇರ್ ಆಯಿಲ್ ಬ್ರೇಕ್ ಡ್ರಮ್ಮಿಗೆ ಸೇರಿದೆ. ಅಲ್ಲಿಗೆ ಬ್ರೇಕ್ ಶೂಗಳೂ ಹೋದವು.

ಇಡಿಯ ಮುಂದಿನ ಆಕ್ಸಲ್ ಇರುವ ಹಳೆಯ ಲ್ಯಾಂಡ್ ಕ್ರೂಸರ್, ಲ್ಯಾಂಡ್ ರೋವರ್, ಜಿಮ್ನಿಗಳಲ್ಲಿ ಚಕ್ರದ ಹಿಂದೆ ದುಂಡನೆಯ ನಕಲ್, ಅಂದರೆ ಸ್ಟೀರಿಂಗಿನೊಂದಿಗೆ ಚಕ್ರ ಹೊರಳುವ ಗೆಣ್ಣು, ಇರುತ್ತದೆ. ಅದರ ಮೇಲೆ ಗ್ರೀಸಿನ ತೆಳು ಪದರ ಇರಬೇಕು. ಗ್ರೀಸು ನೀರಾಗಿ ಗೇರ್ ಆಯಿಲ್ ವಾಸನೆಯೊಂದಿಗೆ ಇಳಿಯುತ್ತಿದ್ದರೆ ಒಳಗಿನ ಆಕ್ಸಲ್ ಸೀಲ್ ಸೋರಿ ಡಿಫರೆನ್ಷಿಯಲ್ ಆಯಿಲ್ ಗ್ರೀಸಿಗೆ ಬೆರೆತಿದೆ. ರಿಪೇರಿ ಕಷ್ಟವಲ್ಲ, ಆದರೆ ಎರಡೂ ಕಡೆ ಪೂರ್ತಿ ಬಿಚ್ಚಬೇಕು, ಕೊಳಕು ಕೆಲಸ, ಕೂಲಿ ಜಾಸ್ತಿ. ಬೆಲೆ ಇಳಿಸಲು ಇದಕ್ಕಿಂತ ಒಳ್ಳೆಯ ಕಾರಣ ಸಿಗದು.

ಮುಂದಿನ ಚಕ್ರವನ್ನು ಎತ್ತಿ ಸ್ಟ್ಯಾಂಡ್ ಕೊಡಿ. ಚಕ್ರವನ್ನು ಗಡಿಯಾರದ 12 ಮತ್ತು 6ರ ಜಾಗದಲ್ಲಿ ಹಿಡಿದು ಎಳೆದು ತಳ್ಳಿ. ಪ್ಲೇ ಇದ್ದರೆ ಜೊತೆಯವರಿಗೆ ಬ್ರೇಕ್ ಒತ್ತಲು ಹೇಳಿ. ಪ್ಲೇ ಮಾಯವಾದರೆ ವೀಲ್ ಬೇರಿಂಗ್, ಹಾಗೇ ಉಳಿದರೆ ಕಿಂಗ್‌ಪಿನ್ ಅಥವಾ ಬಾಲ್ ಜಾಯಿಂಟ್ (ಚಕ್ರ ಹೊರಳುವ ಕೀಲುಗಳು). 9 ಮತ್ತು 3ರ ಜಾಗದಲ್ಲಿ ಪ್ಲೇ ಸಿಕ್ಕರೆ ಟೈ ರಾಡ್ (ಚಕ್ರವನ್ನು ಸ್ಟೀರಿಂಗಿಗೆ ಜೋಡಿಸುವ ಸಲಾಕೆ) ತುದಿಗಳನ್ನು ನೋಡಿ. ಹಳೆಯ ಗಾಡಿಯಲ್ಲಿ ಮಿರಿಮಿರಿ ಹೊಸ ಸ್ಟೀರಿಂಗ್ ಡ್ಯಾಂಪರ್ ಕಂಡರೆ ಯಾಕೆ ಹಾಕಿದ್ದು ಎಂದು ಕೇಳಿ. ಸವೆದ ಬುಷ್, ಕಿಂಗ್‌ಪಿನ್‌ಗಳಿಂದ ಬರುವ ಸ್ಟೀರಿಂಗಿನ ಭಯಂಕರ ನಡುಕವನ್ನು ಹೊಸ ಡ್ಯಾಂಪರ್ ಕೆಲಕಾಲ ಮುಚ್ಚಿಡುತ್ತದೆ, ವಾಸಿ ಮಾಡುವುದಿಲ್ಲ.

ಪ್ರೊಪೆಲ್ಲರ್ ಶಾಫ್ಟ್ ನೋಡುವಾಗ ಎಲ್ಲ ಚಕ್ರಗಳಿಗೂ ಅಡೆ ಕೊಟ್ಟು, ಗೇರ್ ನ್ಯೂಟ್ರಲ್ಲಿಗೆ ಹಾಕಿ. ಬರೀ ಹ್ಯಾಂಡ್ ಬ್ರೇಕ್ ನಂಬಬಾರದು. ಹಳೆಯ ಡಿಫೆಂಡರಿನಲ್ಲಿ ಹ್ಯಾಂಡ್ ಬ್ರೇಕ್ ಇರುವುದು ಚಕ್ರದಲ್ಲಲ್ಲ, ಟ್ರಾನ್ಸ್‌ಫರ್ ಕೇಸಿನ ಹಿಂದೆ. ಒಂದು ಚಕ್ರ ಎತ್ತಿದೊಡನೆ ಡಿಫರೆನ್ಷಿಯಲ್ ಮೂಲಕ ಅದು ತಿರುಗಿ, ಗಾಡಿ ಜಾಕಿನಿಂದ ಉರುಳಬಹುದು. ಶಾಫ್ಟನ್ನು ಕೈಯಲ್ಲಿ ತಿರುಚಿ. ಯೂನಿವರ್ಸಲ್ ಜಾಯಿಂಟಿನ ಎರಡು ಕವೆಗಳ ನಡುವೆ ಸ್ವಲ್ಪವೂ ಪ್ಲೇ ಇರಬಾರದು. ಸುತ್ತ ಕೆಂಪು ತುಕ್ಕಿನ ಪುಡಿ ಇದ್ದರೆ ಒಳಗಿನ ಸೂಜಿ ಬೇರಿಂಗ್ ಒಣಗಿದೆ. ಡಿಫರೆನ್ಷಿಯಲ್ಲಿನ ಹಲ್ಲುಗಳ ನಡುವಿನ ಅಲ್ಪ ಪ್ಲೇ ಸಹಜ.

ಮಾರುವವರು ಒಪ್ಪಿದರೆ ಡಿಫರೆನ್ಷಿಯಲ್ಲಿನ ಫಿಲ್ಲರ್ ಬೋಲ್ಟ್ ಬಿಚ್ಚಿ ಬೆರಳು ಹಾಕಿ. ಆಯಿಲ್ ಅಂಚಿನವರೆಗೆ ಸಿಗಬೇಕು. ಹಾಲಿನಂತಿದ್ದರೆ ನೀರು ಹೊಕ್ಕಿದೆ. ಬಿಸಿ ಆಕ್ಸಲ್ ತಣ್ಣನೆ ನೀರಿಗಿಳಿದಾಗ ಒಳಗಿನ ಗಾಳಿ ಕುಗ್ಗಿ ನೀರನ್ನು ಎಳೆದುಕೊಳ್ಳುತ್ತದೆ, ಅದನ್ನು ತಡೆಯಲೆಂದೇ ಬ್ರೀದರ್ ಪೈಪ್ ಮೇಲಕ್ಕೆ ಹೋಗಿರುತ್ತದೆ. ಅದು ಕಿತ್ತಿದೆಯೇ ಎಂದೂ ನೋಡಿ. ಡ್ರೇನ್ ಬೋಲ್ಟಿನ ಮ್ಯಾಗ್ನೆಟ್ಟಿಗೆ ಬೂದು ಬಣ್ಣದ ನುಣ್ಣನೆ ಪೇಸ್ಟ್ ಅಂಟಿದ್ದರೆ ವಯಸ್ಸು ಅಷ್ಟೇ. ಉಗುರಿಗೆ ಸಿಗುವ ಚೂರುಗಳಿದ್ದರೆ ಹಲ್ಲು ಮುರಿದಿದೆ.

ಫೋರ್ ವೀಲ್ ನಿಜಕ್ಕೂ ಹಿಡಿಯುತ್ತದೆಯೇ

ಡ್ಯಾಶ್‌ಬೋರ್ಡಿನ ಹಸಿರು ದೀಪ ನಂಬಬೇಡಿ, ಅದು ಸ್ವಿಚ್ಚಿನ ಮಾತು ಮಾತ್ರ. ಪಾರ್ಟ್ ಟೈಮ್ ಗಾಡಿಯಲ್ಲಿ ನಿಂತಲ್ಲೇ ಪರೀಕ್ಷಿಸುವ ದಾರಿ ಇದು. ಎಂಜಿನ್ ಆಫ್, ಉಳಿದ ಮೂರು ಚಕ್ರಕ್ಕೆ ಅಡೆ, ಮುಂದಿನ ಒಂದು ಚಕ್ರ ಮೇಲೆ. ಮುಂದಿನ ಹಬ್‌ಗಳು (ಚಕ್ರವನ್ನು ಆಕ್ಸಲಿಗೆ ಸೇರಿಸುವ, ಬಿಡಿಸುವ ಜೋಡಣೆ) ಕೈಯಲ್ಲಿ ತಿರುಗಿಸಿ ಹಾಕುವ ಬಗೆಯವಾದರೆ ಲಾಕ್ ಮಾಡಿ. ಫೋರ್ ಹೈ (4H, ನಾಲ್ಕೂ ಚಕ್ರಕ್ಕೆ ಬಲ, ಸಾಮಾನ್ಯ ವೇಗ) ಹಾಕಿ, ಗೇರಿನಲ್ಲಿ ನಿಲ್ಲಿಸಿ, ಎತ್ತಿದ ಚಕ್ರವನ್ನು ತಿರುಗಿಸಿ. ಕೊಂಚ ಪ್ಲೇ ಆಡಿ ನಿಂತುಬಿಡಬೇಕು. ಸಲೀಸಾಗಿ ತಿರುಗುತ್ತಲೇ ಇದ್ದರೆ ಎಲ್ಲೋ ಕೊಂಡಿ ತಪ್ಪಿದೆ: ಹಬ್, ಮುಂದಿನ ಆಕ್ಸಲಿನ ಜೋಡಣೆ ಅಥವಾ ಟ್ರಾನ್ಸ್‌ಫರ್ ಕೇಸ್. ಹಬ್‌ಗಳು ವ್ಯಾಕ್ಯೂಮಿನಿಂದ ಕೆಲಸ ಮಾಡುವಂಥವಾದರೆ ಈ ಪರೀಕ್ಷೆ ಎಂಜಿನ್ ಆಫ್ ಇದ್ದಾಗ ಸಾಲದು, ಮೊದಲು ಸೀಳಿದ ರಬ್ಬರ್ ಪೈಪ್ ಹುಡುಕಿ. ಎಷ್ಟೋ ಗಾಡಿಗಳ "ಕೆಟ್ಟ ಫೋರ್ ವೀಲ್" ವಾಸಿಯಾಗುವುದು ಗೇಣುದ್ದ ಪೈಪಿನಿಂದ.

ಆಮೇಲೆ ಮಣ್ಣು ಅಥವಾ ಜಲ್ಲಿಯ ನೆಲಕ್ಕೆ ಹೋಗಿ. ಫೋರ್ ಹೈ ಹಾಕಿ ಸ್ಟೀರಿಂಗ್ ಪೂರ್ತಿ ತಿರುಗಿಸಿ ಮೆಲ್ಲಗೆ ಚಲಿಸಿ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಕ್ರಮಿಸುತ್ತವೆ. ನಡುವೆ ಡಿಫರೆನ್ಷಿಯಲ್ ಇಲ್ಲದ್ದರಿಂದ ಗಾಡಿ ಹಿಡಿದು ಹಿಡಿದು ಹೋಗಬೇಕು. ಟೂ ಹೈ (2H, ಹಿಂದಿನ ಚಕ್ರಕ್ಕೆ ಮಾತ್ರ ಬಲ) ಹಾಕಿದಾಗ ಆ ಬಿಗಿ ಬಿಡಬೇಕು. ಒಣ ಡಾಂಬರಿನ ಮೇಲೆ ಇದನ್ನು ಮಾಡಬೇಡಿ. ಹಿಂದಿನ ಮಾಲೀಕರು ವರ್ಷಗಟ್ಟಲೆ ಹಾಗೆ ಓಡಿಸಿದ್ದರೆ, ಚೈನ್ ಇರುವ ಟ್ರಾನ್ಸ್‌ಫರ್ ಕೇಸಿನಲ್ಲಿ ಆ ಚೈನ್ ಜಗ್ಗಿರುತ್ತದೆ. ಏರಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಕಟ ಕಟ ಎಂದು ಹಲ್ಲು ಜಾರಿದರೆ ಅದೇ. ಫುಲ್ ಟೈಮ್ ಗಾಡಿಯಲ್ಲಿ ಇದೇ ಪರೀಕ್ಷೆಯನ್ನು ನಡುವಿನ ಲಾಕ್ ಹಾಕಿ, ತೆಗೆದು ಮಾಡಿ.

ಗಾಡಿ ನಿಲ್ಲಿಸಿ, ಗೇರ್ ನ್ಯೂಟ್ರಲ್ಲಿನಲ್ಲಿಟ್ಟು ಫೋರ್ ಲೋಗೆ (4L, ನಾಲ್ಕೂ ಚಕ್ರಕ್ಕೆ ಬಲ, ಕಡಿಮೆ ವೇಗದ ಲೋ ರೇಂಜ್) ಬದಲಿಸಿ. ಲೋ ರೇಂಜ್ ಬಹುತೇಕ ಗಾಡಿಗಳಲ್ಲಿ ವೇಗವನ್ನು 2ರಿಂದ 2.7 ಪಟ್ಟು ಇಳಿಸುತ್ತದೆ, ಜೀಪ್ ರಾಂಗ್ಲರ್ ರೂಬಿಕಾನಿನಲ್ಲಿ 4 ಪಟ್ಟು. ಇಳಿಜಾರಿನಲ್ಲಿ ಮೊದಲ ಗೇರ್ ಹಾಕಿ ಕಾಲು ತೆಗೆದು, ಅಗತ್ಯ ಬಿದ್ದರೆ ತುಳಿಯಲು ಬ್ರೇಕ್ ಬಳಿಯೇ ಇಟ್ಟುಕೊಳ್ಳಿ. ಗಾಡಿ ಎಂಜಿನ್ನಿನ ಬಲದಲ್ಲೇ ಮೆಲ್ಲಗೆ ಇಳಿಯಬೇಕು. ಲೀವರ್ ತಾನಾಗಿ ಜಿಗಿದು ನ್ಯೂಟ್ರಲ್ಲಿಗೆ ಬಂದರೆ ಒಳಗಿನ ಫೋರ್ಕ್ ಅಥವಾ ಗೇರ್ ಸವೆದಿದೆ. ವರ್ಷಗಟ್ಟಲೆ ಮುಟ್ಟದ ಲೀವರ್ ಗಟ್ಟಿಯಾಗಿರುವುದು ಉಂಟು, ಅದಕ್ಕೆ ಹೆದರಬೇಕಿಲ್ಲ.

ರಸ್ತೆಯಲ್ಲಿ

ಕನಿಷ್ಠ ಅರ್ಧ ಗಂಟೆ ಓಡಿಸಿ, ರೇಡಿಯೋ ಬಂದ್. 40 ಕಿ.ಮೀ. ವೇಗದಲ್ಲಿ ಮೇಲಿನ ಗೇರ್ ಹಾಕಿ ಪೂರ್ತಿ ತುಳಿಯಿರಿ. ಎಂಜಿನ್ ಕೂಗಿದರೂ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ. ಮೂರರಿಂದ ಎರಡಕ್ಕೆ ಇಳಿಸಿ, ಗರ್ ಎಂದರೆ ಸಿಂಕ್ರೊ (ಗೇರುಗಳು ಸದ್ದಿಲ್ಲದೆ ಕೂಡಲು ವೇಗ ಹೊಂದಿಸುವ ಬಳೆ) ಸವೆದಿದೆ. ಡಿಫರೆನ್ಷಿಯಲ್ ಕೂಗು ತುಳಿದಾಗ ಒಂದು ಬಗೆ, ಕಾಲು ಬಿಟ್ಟಾಗ ಇನ್ನೊಂದು ಬಗೆ ಕೇಳಿದರೆ ಹಲ್ಲುಗಳ ಸವೆತ. ವೇಗದೊಂದಿಗೆ ಏರಿ, ಬಲಕ್ಕೋ ಎಡಕ್ಕೋ ವಾಲಿದಾಗ ಬದಲಾದರೆ ವೀಲ್ ಬೇರಿಂಗ್. ಖಾಲಿ ಜಾಗದಲ್ಲಿ ಸ್ಟೀರಿಂಗ್ ಪೂರ್ತಿ ತಿರುಗಿಸಿ ಸುತ್ತುವಾಗ ಟಿಕ್ ಟಿಕ್ ಎಂದರೆ ಸಿವಿ ಜಾಯಿಂಟ್ (ಹೊರಳುವ ಮುಂದಿನ ಚಕ್ರಕ್ಕೆ ಬಲ ಒಯ್ಯುವ ಕೀಲು) ಸವೆದಿದೆ. ಕೊನೆಗೆ ಉದ್ದನೆಯ ಏರು ಹತ್ತಿಸಿ, ತಾಪದ ಮುಳ್ಳಿನ ಮೇಲೆ ಕಣ್ಣಿಡಿ.

ಟೈರು, ಮೀಟರು, ನೀರಿನ ಗುರುತು

ಮೀಟರು ತಿರುಚದೆಯೂ ಸುಳ್ಳು ಹೇಳುತ್ತದೆ. ಮೂಲ ಟೈರು 235/75 ಆರ್15 ಎಂದುಕೊಳ್ಳಿ, ವ್ಯಾಸ ಸುಮಾರು 733 ಮಿ.ಮೀ. ಅದರ ಜಾಗದಲ್ಲಿ 31 ಇಂಚಿನ ಟೈರು, ಅಂದರೆ 787 ಮಿ.ಮೀ., ಬಂದರೆ ಪ್ರತಿ ಸುತ್ತಿಗೆ ಶೇ. 7ರಷ್ಟು ಹೆಚ್ಚು ದೂರ. ಮೊದಲಿನಿಂದಲೂ ಆ ಟೈರೇ ಇದ್ದರೆ ಮೀಟರಿನ 2 ಲಕ್ಷ ನಿಜಕ್ಕೆ 2.14 ಲಕ್ಷ. ಟೈರಿನ ಪಕ್ಕದ ನಾಲ್ಕಂಕಿ ನೋಡಿ: 2319 ಎಂದರೆ 2019ರ 23ನೇ ವಾರ ತಯಾರಾದದ್ದು. ಗಾಡಿಯನ್ನು 50 ಮಿ.ಮೀ.ಗಿಂತ ಹೆಚ್ಚು ಎತ್ತರಿಸಿದ್ದರೆ ಪ್ರೊಪೆಲ್ಲರ್ ಶಾಫ್ಟ್, ಸಿವಿ ಜಾಯಿಂಟುಗಳ ಕೋನ ಕಡಿದಾಗಿರುತ್ತದೆ. ಅವನ್ನು ಎರಡು ಸಲ ನೋಡಿ.

ಗಾಡಿ ನೀರಿನಲ್ಲಿ ಮುಳುಗಿತ್ತೇ ಎಂದು ತಿಳಿಯಲು ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆಯಿರಿ. ಮಾರುವ ಮುನ್ನ ಎಲ್ಲ ತೊಳೆಯುವವರೂ ಆ ಕೊನೆಯ ಒಂದು ಮೊಳವನ್ನು ಮರೆಯುತ್ತಾರೆ, ಮಣ್ಣಿನ ಗೆರೆ ಅಲ್ಲಿ ಸಿಗುತ್ತದೆ. ಕಾರ್ಪೆಟ್ ಎತ್ತಿ, ಸೀಟಿನ ಹಳಿಗಳ ತುಕ್ಕು, ಹೆಡ್‌ಲೈಟಿನೊಳಗಿನ ಕೆಸರು ನೋಡಿ. ಸ್ಕ್ಯಾನರ್ ಹಾಕಿದಾಗ ಕೋಡ್ ಏನೂ ಇಲ್ಲ, ಆದರೆ ಸಿಸ್ಟಮ್ಮಿನ ಸ್ವಪರೀಕ್ಷೆಗಳು ಇನ್ನೂ ಮುಗಿದಿಲ್ಲ ಎಂದು ತೋರಿಸಿದರೆ, ಕೋಡುಗಳನ್ನು ಈಗಷ್ಟೇ ಅಳಿಸಿರಬಹುದು. ಕೀ ತಿರುಗಿಸಿದಾಗ ಎಂಜಿನ್, ಎಬಿಎಸ್, ಏರ್‌ಬ್ಯಾಗ್ ದೀಪಗಳು ಹೊತ್ತಿ ಆರಬೇಕು. ಹೊತ್ತದಿದ್ದರೆ ಬಲ್ಬ್ ಕಿತ್ತಿರಬಹುದು.

ಬೆಲೆ ಮತ್ತು ಮೊದಲ ವಾರ

ಚಾಸಿ, ಎಂಜಿನ್ ನಂಬರುಗಳು ದಾಖಲೆಗೆ ಹೊಂದಬೇಕು, ಗಾಡಿಯ ಮೇಲೆ ಸಾಲ ಉಳಿದಿರಬಾರದು. ಕಂಡ ದೋಷಗಳನ್ನು ಮೂರಾಗಿ ಬರೆದುಕೊಳ್ಳಿ. ಓಡಿಸುವ ಮೊದಲೇ ಮಾಡಬೇಕಾದ ಬ್ರೇಕ್, ಸ್ಟೀರಿಂಗ್, ಟೈರು ಒಂದು. ವರ್ಷದೊಳಗೆ ಬರುವ ಕ್ಲಚ್, ಬೆಲ್ಟ್, ಸೀಲುಗಳು ಇನ್ನೊಂದು. ಸಹಿಸಬಹುದಾದ ಕುಂದುಗಳು ಮೂರನೆಯದು. ಮೊದಲೆರಡರ ಖರ್ಚನ್ನು ಮೆಕ್ಯಾನಿಕ್‌ನಿಂದ ಬರೆಸಿಕೊಂಡು ಬೆಲೆಯಿಂದ ಕಳೆಯಿರಿ. ಚಾಸಿ ಕೊಳೆತಿದ್ದರೆ, ಎಂಜಿನ್ ಕೂಲಂಟ್ ಸುಡುತ್ತಿದ್ದರೆ, ನಂಬರಿನಲ್ಲಿ ಗೊಂದಲವಿದ್ದರೆ ಯಾವ ರಿಯಾಯಿತಿಗೂ ಒಪ್ಪಬೇಡಿ.

ಕೊಂಡ ಮೇಲೆ ಹಳೆಯ ಮಾಲೀಕರ ಮಾತು ಬದಿಗಿಟ್ಟು ಎಲ್ಲ ದ್ರವಗಳನ್ನೂ ಬದಲಿಸಿ: ಎಂಜಿನ್ ಆಯಿಲ್, ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್, ಎರಡೂ ಡಿಫರೆನ್ಷಿಯಲ್, ಕೂಲಂಟ್, ಬ್ರೇಕ್ ಆಯಿಲ್, ಜೊತೆಗೆ ಎಲ್ಲ ಫಿಲ್ಟರುಗಳು. ಪ್ರೊಪೆಲ್ಲರ್ ಶಾಫ್ಟಿನ ಗ್ರೀಸ್ ನಿಪ್ಪಲ್ಲುಗಳಿಗೆ ಹಳೆಯ ಗ್ರೀಸು ಹೊರಬರುವವರೆಗೆ ಹೊಸದನ್ನು ತುಂಬಿ. ಡಿಫರೆನ್ಷಿಯಲ್ಲಿನಲ್ಲಿ ಯಾವಾಗಲೂ ಮೇಲಿನ ಫಿಲ್ಲರ್ ಬೋಲ್ಟನ್ನು ಮೊದಲು ಸಡಿಲಿಸಿ, ಆಮೇಲೆ ಕೆಳಗಿನ ಡ್ರೇನ್ ಬೋಲ್ಟಿಗೆ ಕೈಹಾಕಿ. ಆಯಿಲ್ ಪೂರ್ತಿ ಇಳಿಸಿದ ಮೇಲೆ ಫಿಲ್ಲರ್ ಬೋಲ್ಟ್ ತುಕ್ಕಿಗೆ ಕಚ್ಚಿಕೊಂಡಿದೆ ಎಂದು ತಿಳಿದರೆ, ಹೊಸದಾಗಿ ಕೊಂಡ ಗಾಡಿ ನಿಂತಲ್ಲಿಂದ ಅಲ್ಲಾಡುವುದಿಲ್ಲ.